ತಲೆಗಿಂತ ಎತ್ತರದ ಸೀಟು

ವುನಿಕೌರಾ ಹಳ್ಳಿ,
ವನುವಾ ಲೇವು, ಫಿಜಿ.
ಆಗಸ್ಟ್ 11, ಭಾನುವಾರ, ಮಧ್ಯಾಹ್ನದ ಪ್ರಾರ್ಥನೆಗೆ ಮುಂಚೆ.

ಪ್ರೀತಿಯ ಬೂಬೂ,

ಮೊದಲು ನಿನ್ನ ಮಂಡಿಯ ಸಮಾಚಾರ ಹೇಳು. ಸಿಡ್ನಿಯ ಚಳಿಗೆ ಹೇಗಿದೆ ಅದು? ವಾಸೆಮಾದಾ ಅತ್ತೆ ಕೊಡಿಸಿದ ಬಿಸಿನೀರಿನ ಚೀಲ ಕಟ್ಟಿಕೊಳ್ಳುತ್ತೀಯೋ, ಇಲ್ಲ ಅದನ್ನೂ ‘ಚೆನ್ನಾಗಿದೆ, ಹಾಳಾಗಬಾರದು’ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದೀಯೋ? ಅತ್ತೆಯ ಮಗು ಈಗ ಬೋರಲು ಬೀಳುತ್ತಿದೆಯೇ? ಅದಕ್ಕೆ ನಮ್ಮ ಮಾತಿನಲ್ಲೇ ಬೈದು ರೂಢಿ ಮಾಡಿಸು ಅಜ್ಜಿ, ಇಲ್ಲದಿದ್ದರೆ ಊರಿಗೆ ಬಂದಾಗ ನಿನ್ನ ಬೈಗುಳದ ರುಚಿ ಪಾಪ ಅದಕ್ಕೆ ತಿಳಿಯುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಪ್ಪು ಕೋಳಿಯೂ ಕ್ಷೇಮ. ಅದು ಸತ್ತುಹೋಯಿತು ಅಂತ ಹೋದ ತಿಂಗಳು ಫೋನಿನಲ್ಲಿ ಹೇಳಿದವನು ನಾನೇ, ತಮಾಷೆಗೆ. ನೀನು ಕಣ್ಣೀರಿಟ್ಟೆ ಅಂತ ತಿಳಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು.

ಈ ಕಾಗದವನ್ನು ಪಾದ್ರಿಗಳ ಮಗಳು ಮಂಗಳವಾರದ ವಿಮಾನದಲ್ಲಿ ತರುತ್ತಾಳೆ. ಫೋನೇ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ‘ಹಾಂ? ಏನಂದೆ? ಗಟ್ಟಿಯಾಗಿ ಹೇಳೋ!’ ಅಂತ ನಡುವಿನ ಸಮುದ್ರದ ಮೀನುಗಳೆಲ್ಲ ಬೆಚ್ಚಿಬೀಳುವಂತೆ ಕಿರುಚುತ್ತೀಯೇ ಹೊರತು ನಾನು ಹೇಳಿದ್ದರಲ್ಲಿ ಒಂದಕ್ಷರವೂ ನಿನ್ನ ಕಿವಿಗೆ ಬೀಳುವುದಿಲ್ಲ. ಈ ಸಲದ ವಿಷಯ ಕಿರುಚಿ ಹೇಳುವಂಥದ್ದಲ್ಲ. ಇನ್ನೊಂದು ವಿನಂತಿ: ಕಾಗದವನ್ನು ಕೊನೆಯಿಂದ ಓದುವ ನಿನ್ನ ಹಳೆಯ ಚಾಳಿಯನ್ನು ಇದೊಂದು ಸಲ ಬಿಟ್ಟುಬಿಡು. ಅಜ್ಜಿ, ನನಗೆ ಭಯವಾಗುತ್ತಿದೆ. ಬರುವ ಹತ್ತೊಂಬತ್ತನೇ ತಾರೀಖು ಸೋಮವಾರ, ಸಮುದ್ರದ ದಡದಲ್ಲಿ ಮಣ್ಣು ಅಗೆಯುವ ಡಿಗ್ಗರ್ ಯಂತ್ರದ ಕೆಲಸವೊಂದಿದೆ. ಅದನ್ನು ನಾನೇ ಮಾಡಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ನೆನೆದರೆ ಅಂಗೈ ಬೆವರುತ್ತದೆ. ಈ ಹಾಳೆಯ ಮೂಲೆ ಒದ್ದೆಯಾಗಿರುವುದು ಅದಕ್ಕೇ, ಮೀನಿನ ಸಾರಿನಿಂದಲ್ಲ. ನಿನ್ನ ಮೊಮ್ಮಗ ಯಾಕೆ ಹೀಗೆ ಹೆದರಿದ ಅಂತ ತಿಳಿಯಬೇಕಾದರೆ ಮೊದಲಿನಿಂದ ಹೇಳಬೇಕು.

ಮೊದಲಿಗೆ ಒಂದು ದೂರು. ನಾನು ಎದ್ದು ನಿಂತು, ಸುಲು ಬಿಗಿದುಟ್ಟು, ಗಂಟಲು ಸರಿಮಾಡಿಕೊಂಡು ಸಭೆಯ ಮುಂದೆ ಹೇಳುತ್ತಿದ್ದೇನೆ ಅಂದುಕೋ. ಆರೋಪಿ: ನನ್ನ ಅಜ್ಜಿ, ವಯಸ್ಸು ಎಪ್ಪತ್ತನಾಲ್ಕು. ಅಪರಾಧ: ಮೊಮ್ಮಗನಿಗೆ ಮರ್ಯಾದೆ ಕಲಿಸಿದ್ದು. ಹಿರಿಯರು ಕೂತಿರುವಾಗ ನಿಲ್ಲಬೇಡ, ಅವರ ತಲೆಗಿಂತ ನಿನ್ನ ತಲೆ ಮೇಲಿರಬಾರದು, ಹಾಯಲೇಬೇಕಾದರೆ ನಡು ಬಗ್ಗಿಸಿ ‘ತುಲೋ, ತುಲೋ’ ಅಂತ ಅಪ್ಪಣೆ ಕೇಳುತ್ತ ಹಾಯಿ, ಅವರ ತಲೆಯ ಮೇಲಿಂದ ಏನನ್ನೂ ಚಾಚಿ ತೆಗೆಯಬೇಡ, ತಲೆಯನ್ನು ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ನಾನು ಮರೆತ ದಿನ ನಿನ್ನ ತೆಂಗಿನ ಕಡ್ಡಿಯ ಪೊರಕೆ ನನ್ನ ಮೀನಖಂಡದ ಮೇಲೆ ಪಾಠವನ್ನು ಇನ್ನೊಮ್ಮೆ ಬರೆಯುತ್ತಿತ್ತು. ಹೀಗೆ ಇಪ್ಪತ್ತು ವರ್ಷ ಬಗ್ಗಿ ಬಗ್ಗಿ ಬೆಳೆದ ಬೆನ್ನು ಈಗ ನನ್ನ ಮಾತು ಕೇಳುವುದಿಲ್ಲ. ಬಿಳಿಗೂದಲು ಕಂಡರೆ ತಾನಾಗಿಯೇ ಬಗ್ಗುತ್ತದೆ. ಇಂಥ ಬೆನ್ನು ಹೊತ್ತವನು ಹೋಗಿ ಸೇರಿದ ಕಸುಬು ಯಾವುದು? ಎರಡಾಳೆತ್ತರದಲ್ಲಿ ಕೂತು ಊರವರೆಲ್ಲರ ನೆತ್ತಿಯನ್ನು ಮೇಲಿನಿಂದ ನೋಡುವ ಕಸುಬು.

ಲಂಬಾಸಾದ ತರಬೇತಿ ಅಂಗಳದ ಕಥೆ ನಿನಗೆ ತುಂಡು ತುಂಡಾಗಿ ಗೊತ್ತು. ಹನ್ನೆರಡು ವಾರ, ಒಂಬತ್ತು ಹುಡುಗರು, ಇಪ್ಪತ್ತು ಟನ್ನಿನ ಒಂದು ಹಳದಿ ಡಿಗ್ಗರ್, ಜೊತೆಗೆ ಅಪಲಸಾಮಿ ಮಾಸ್ತರು. ಕಬ್ಬು ಬೆಳೆಯುವ ಮನೆತನದ ಈ ಮನುಷ್ಯ ಮೂವತ್ತು ವರ್ಷ ನಮ್ಮ ದ್ವೀಪದ ಗುಡ್ಡಗಳನ್ನು ಕೆರೆದು ರಸ್ತೆ ಮಾಡಿದವರು. ಬಾಯಲ್ಲಿ ಸದಾ ಹುರಿದ ಬಟಾಣಿ. ಮೊದಲ ವಾರ ನಮ್ಮನ್ನು ಸೀಟಿಗೆ ಹತ್ತಿಸಲೇ ಇಲ್ಲ. ಎಣ್ಣೆ ನೋಡು, ಪಿನ್ನಿಗೆ ಗ್ರೀಸ್ ತುಂಬು, ಚೈನಿನಲ್ಲಿ ಸಿಕ್ಕ ಕಲ್ಲು ಕೀಳು, ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕು. ಎರಡನೇ ವಾರ ಹತ್ತಿದೆ. ಅಜ್ಜಿ, ಎಂಜಿನ್ ಶುರುವಾದ ಕೂಡಲೇ ಬೆಳಿಗ್ಗೆ ತಿಂದಿದ್ದ ಮರಗೆಣಸು ಹೊಟ್ಟೆಯೊಳಗೇ ನಡುಗಿತು. ಎರಡು ಕೈಗೆ ಎರಡು ಲಿವರು. ಬೆರಳು ಸೋಕಿದರೆ ಸಾಕು, ಎದುರಿಗೆ ಮನೆಯಷ್ಟು ಉದ್ದದ ತೋಳು ಆಡುತ್ತದೆ. ಒಂದು ಸೀನು ಬಂದರೆ ಒಂದು ಗೋಡೆ ಹೋಗಬಹುದು. ಎಡಗಡೆ ಒಂದು ಕೆಂಪು ಹಿಡಿ ಇದೆ. ಅದನ್ನು ಮೇಲೆತ್ತಿದರೆ ಲಿವರುಗಳು ಸತ್ತಂತೆ, ಏನು ಮಾಡಿದರೂ ಯಂತ್ರ ಅಲುಗುವುದಿಲ್ಲ. ‘ಆ ಕೆಂಪು ಹಿಡಿನೇ ನಿನ್ನ ತಾಯಿ ಕಣೋ, ಬಾಕಿ ಎಲ್ಲಾ ಕೊಲ್ಲೋಕೇ ಇರೋದು’ ಅನ್ನುತ್ತಿದ್ದರು ಮಾಸ್ತರು. ಹಲಗೆಯ ಮೇಲೆ ಚಹಾ ತುಂಬಿದ ಲೋಟ ಇಟ್ಟು, ಬಕೆಟಿನ ಹಲ್ಲಿನಿಂದ ಅದನ್ನು ಒಂದು ಮೊಳ ತಳ್ಳಬೇಕು, ತೊಟ್ಟೂ ಚೆಲ್ಲಬಾರದು. ಅದು ಅವರ ಪಾಠ. ನಾನು ಮೊದಲ ದಿನವೇ ತಳ್ಳಿದೆ: ಲೋಟ, ಹಲಗೆ, ಪಕ್ಕದಲ್ಲಿದ್ದ ಮಾಸ್ತರರ ಕುರ್ಚಿ, ಮೂರನ್ನೂ. ಕುರ್ಚಿಯಲ್ಲಿ ಮಾಸ್ತರು ಇರಲಿಲ್ಲ, ದೇವರು ದೊಡ್ಡವನು.

ಆರನೇ ವಾರದ ಹೊತ್ತಿಗೆ ಚಹಾ ಚೆಲ್ಲುವುದು ನಿಂತಿತ್ತು. ಬಗ್ಗುವುದು ಮಾತ್ರ ನಿಲ್ಲಲಿಲ್ಲ. ಮಾಸ್ತರು ಯಂತ್ರದ ಮುಂದೆ ಹಾದರೆ ಸಾಕು, ನನ್ನ ಬೆನ್ನು ಬಾಗಿ, ಬಾಯಿ ‘ತುಲೋ’ ಅಂದುಬಿಡುತ್ತಿತ್ತು. ‘ಏನಯ್ಯಾ ಅದು, ನನಗೆ ನಮಸ್ಕಾರಾನೋ, ಪೆಡಲ್ ಹುಡುಕ್ತಿದೀಯೋ?’ ಅಂತ ಮೊದಲ ಸಲ ನಕ್ಕರು. ಹತ್ತನೇ ಸಲಕ್ಕೆ ನಗು ಇಂಗಿಹೋಗಿತ್ತು. ‘ನೋಡು ಇನೋಕೆ, ನಿನ್ನ ಕಣ್ಣು ಕೆಳಗೆ ಹೋದ ಆ ಒಂದು ಗಳಿಗೆ ಇಪ್ಪತ್ತು ಟನ್ನಿಗೆ ದಿಕ್ಕಿಲ್ಲ. ನೀವು ಹಳ್ಳಿ ಹುಡುಗ್ರು ತುಂಬಾ ಒಳ್ಳೆಯವ್ರು. ನನಗೆ ಹೆದರಿಕೆ ಇರೋದೇ ಅದಕ್ಕೆ.’ ಆದರೂ ಲೈಸೆನ್ಸ್ ಸಿಕ್ಕಿತು. ಹೇಗೆ ಅನ್ನುತ್ತೀಯಾ? ಪರೀಕ್ಷೆ ತೆಗೆದುಕೊಳ್ಳಲು ಬಂದವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಕಿವಿಯಲ್ಲಿ ಹಾಡು, ತಲೆ ತುಂಬ ಕಪ್ಪು ಕೂದಲು. ಅವನ ಮುಂದೆ ನನ್ನ ಬೆನ್ನು ಚರ್ಚಿನ ಕಂಬದಂತೆ ನಿಂತಿತು. ನಾನು ಮೋಸ ಮಾಡಲಿಲ್ಲ ಅಜ್ಜಿ. ನನ್ನ ರೋಗವೇ ಆವತ್ತು ಹೊರಗೆ ಕಾಣಿಸಿಕೊಳ್ಳಲಿಲ್ಲ.

ಆಮೇಲಿನ ಐದು ತಿಂಗಳು ಕೆಲಸ ಹುಡುಕಿದ್ದನ್ನು ನಿನಗೆ ಸರಿಯಾಗಿ ಹೇಳಿರಲಿಲ್ಲ, ನೀನು ಅಲ್ಲಿಂದ ಪ್ರಾರ್ಥನೆ ಮಾಡಿ ಮಾಡಿ ಸೊರಗುತ್ತೀಯ ಅಂತ. ಜಲ್ಲಿ ಕ್ವಾರಿಗೆ ಹೋದೆ, ಮರದ ಮಿಲ್ಲಿಗೆ ಹೋದೆ, ರಸ್ತೆ ಕ್ಯಾಂಪಿಗೆ ಹೋದೆ. ಎಲ್ಲ ಕಡೆ ಒಂದೇ ಪ್ರಶ್ನೆ: ‘ಎರಡು ವರ್ಷ ಅನುಭವ ಇದೆಯಾ?’ ಯಾರೂ ಯಂತ್ರ ಕೊಡದೆ ಅನುಭವ ಎಲ್ಲಿಂದ ತರಲಿ ಅಂದರೆ, ‘ಅದೂ ಸರಿಯೇ, ಹೋಗಿ ಬಾ’ ಅನ್ನುತ್ತಿದ್ದರು. ಕೊನೆಗೆ ಲಂಬಾಸಾದಲ್ಲಿ ಕಾರ್ಡು ಅಚ್ಚು ಹಾಕಿಸಿದೆ: ‘ಇನೋಕೆ, ಭೂಮಿಯನ್ನು ಕದಲಿಸುವವನು.’ ಅದು ದೇವರ ಹುದ್ದೆ ಅಂತ ಪಾದ್ರಿಗಳು ಆಕ್ಷೇಪಿಸಿದರು. ಹಾಗಾದರೆ ಸಹಾಯಕ ಅಂತ ಸೇರಿಸುತ್ತೇನೆ ಅಂದೆ. ಅಷ್ಟರಲ್ಲಿ ನಮ್ಮ ಹಳ್ಳಿಯನ್ನು ಗುಡ್ಡದ ಮೇಲಕ್ಕೆ ಸಾಗಿಸುವ ಕೆಲಸ ಬಂತು. ನೀನು ಹೋದ ಮೇಲೆ ಸಮುದ್ರ ಇನ್ನೂ ಒಳಗೆ ಬಂದಿದೆ. ಅಡುಗೆಮನೆಯ ಹಿಂದಿನ ದೀವಿಹಲಸಿನ ಮರ, ಅಜ್ಜನ ಮರ, ಉಪ್ಪು ಕುಡಿದು ಒಣಗಿಹೋಯಿತು. ಗುತ್ತಿಗೆದಾರರು ಫೋರ್‌ಮನ್ ಆಗಿ ಕರೆತಂದದ್ದು ಅಪಲಸಾಮಿ ಮಾಸ್ತರನ್ನೇ. ಅವರು ನನ್ನನ್ನು ಕರೆದರು. ‘ನಿಮ್ಮ ಊರ ಮಣ್ಣು ನಿನ್ನ ಮಾತು ಕೇಳ್ಬಹುದು, ಬಾ. ಆದ್ರೆ ಬಗ್ಗಿದ್ರೆ ಇಳಿಸ್ತೀನಿ.’ ಕೆಲಸ ಸಿಕ್ಕ ಖುಷಿಗೆ ನಾನು ಆ ಎರಡನೇ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮನೆಗಳಿಗೆ ಜಾಗ ಮಾಡುವುದು ನನ್ನ ಕೆಲಸ. ಜನ ಹತ್ತಿರ ಬಾರದಂತೆ ಬಾವುಟ ಹಿಡಿದು ಕಾಯುವುದು ಭಾವ ಕಿನಿಯ ಕೆಲಸ. ಅದೇ, ನಿನ್ನ ಹಿರಿಮಗಳ ಮಗ, ಆ ಸೋಮಾರಿ ರತ್ನ. ‘ಭಾವಾ, ನೀನು ಮೇಲೆ ಕೂತ್ರೆ ಹಕ್ಕಿ ಗೂಡಲ್ಲಿ ಮರಗೆಣಸು ಇಟ್ಟ ಹಾಗಿದೆ’ ಅಂತ ಮೊದಲ ದಿನವೇ ಶುರುಮಾಡಿದ. ಸಂಬಂಧವೇ ಅಂಥದ್ದು, ನಾನೂ ಸಾಲ ಉಳಿಸಿಕೊಳ್ಳಲಿಲ್ಲ. ಅವನ ಬಾವುಟದ ಬದಲಿಗೆ ಪಾದ್ರಿಗಳ ಹೆಂಡತಿಯ ಲಂಗ ಕಟ್ಟಿಟ್ಟಿದ್ದೆ. ಆದರೆ ಏಳು ಮಂದಿ ಹಿರಿಯರು ಬೆಳಿಗ್ಗೆ ಚಾಪೆ, ಯಂಗೋನದ ಬೇರು ಕಲಸಿ ಕುಡಿಯುವ ಬೋಗುಣಿ ಸಮೇತ ಬಂದು ಡಿಗ್ಗರಿನ ಪಕ್ಕದಲ್ಲೇ, ನೆರಳು ಚೆನ್ನಾಗಿದೆ ಅಂತ, ಕೂತುಬಿಟ್ಟರು. ಎದ್ದು ಹೋಗಿ ಅನ್ನುವ ಬಾಯಿ ಯಾರಿಗಿದೆ? ನಿಂತುಕೊಂಡು ಹಿರಿಯರಿಗೆ ಬಾವುಟ ತೋರಿಸುವುದುಂಟೇ? ಕಿನಿ ಕುಕ್ಕರುಗಾಲಿನಲ್ಲಿ ಹೋಗಿ, ಗೌರವಕ್ಕೆ ಕೈ ತಟ್ಟಿ, ಸ್ವಲ್ಪ ದೂರ ಕೂರಬೇಕೆಂದು ಬೇಡಿಕೊಂಡ. ‘ಆಯ್ತು ಮಗ, ಆಯ್ತು’ ಅಂತ ಏಳೂ ಜನ ಪ್ರೀತಿಯಿಂದ ಒಂದು ಗೇಣು ಸರಿದರು. ಮಾಸ್ತರು ಬೇರೆ ಊರಿನವರು, ಅವರು ಹೇಳಿದರೆ ನಕ್ಕು ಅವರಿಗೂ ಒಂದು ಚಿಪ್ಪು ಯಂಗೋನ ಕೊಟ್ಟರು. ನಾನು ಮೇಲೆ ಕೂತು ಏಳು ಬಿಳಿ ನೆತ್ತಿಗಳನ್ನು ನೋಡುತ್ತ ಮೂರು ದಿನ ಹಲ್ಲು ಕಚ್ಚಿ ಬೆನ್ನು ನೆಟ್ಟಗೆ ಇಟ್ಟುಕೊಂಡೆ. ಎಲ್ಲಿ ಬಗ್ಗಿಬಿಡುತ್ತೇನೋ ಅಂತ ಹೆದರಿಕೆ. ಯಾರಿಗೂ ಹೇಳಲಿಲ್ಲ. ತಮಾಷೆ ಮಾಡುವವನು ಹೆದರಿದ್ದೇನೆ ಅಂದರೆ ಅದೂ ತಮಾಷೆ ಅಂದುಕೊಳ್ಳುತ್ತಾರೆ.

ನಾಲ್ಕನೇ ದಿನ, ಗುರುವಾರ, ಅಜ್ಜನ ತಮ್ಮ ನೇಮಾನಿ ಚಿಕ್ಕಜ್ಜ ತಮ್ಮ ಅಡುಗೆಮನೆ ಎಲ್ಲಿ ಬರಬೇಕೆಂದು ತೋರಿಸಲು ಎದ್ದು ನೇರ ನನ್ನ ಕ್ಯಾಬಿನ್ನಿನ ಕೆಳಗೇ ಬಂದರು. ತಲೆಯ ಮೇಲೆ ನೀನು ಹೆಣೆದುಕೊಟ್ಟ ಟೋಪಿ. ನಾನು ನೋಡಿದೆ. ಕೆಂಪು ಹಿಡಿ ಎತ್ತಬೇಕೆಂದು ತಲೆಗೆ ಗೊತ್ತಿತ್ತು, ಬೆನ್ನಿಗೆ ಗೊತ್ತಿರಲಿಲ್ಲ. ನಾನು ಬಗ್ಗಿದೆ. ‘ತುಲೋ’ ಅಂದೆ. ಬಗ್ಗುವಾಗ ಮೊಣಕೈ ಎಡಗಡೆಯ ಲಿವರಿಗೆ ಒತ್ತಿತು. ಅಜ್ಜಿ, ಆ ಶಬ್ದ ಈಗಲೂ ಕಿವಿಯಲ್ಲಿದೆ. ಯಂತ್ರ ನನ್ನನ್ನೂ ಹೊತ್ತು ಗಿರ್ರನೆ ತಿರುಗಿತು. ಕಿನಿ ‘ಓಯ್ಲೇ!’ ಅಂತ ಚೀರಿದ. ನಾನು ತಲೆ ಎತ್ತಿದಾಗ ಬಕೆಟ್ಟು ಚಿಕ್ಕಜ್ಜನನ್ನು ದಾಟಿ ಆಚೆ ನಿಂತಿತ್ತು, ಅದರ ಹಲ್ಲಿಗೆ ಟೋಪಿ ನೇತಾಡುತ್ತಿತ್ತು. ಟೋಪಿಯೊಳಗೆ ತಲೆ ಇದೆಯೋ ಇಲ್ಲವೋ ಎಂದು ನೋಡುವ ಧೈರ್ಯ ನನಗೆ ಬರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಚಿಕ್ಕಜ್ಜನ ಕೆಮ್ಮು ಕೇಳಿಸಿತು. ಆ ಕೆಮ್ಮಿನಷ್ಟು ಇಂಪಾದ ಸಂಗೀತವನ್ನು ನಮ್ಮ ಚರ್ಚಿನವರು ಇದುವರೆಗೆ ಹಾಡಿಲ್ಲ. ಒಂದು ಕೂದಲೂ ಕೊಂಕಿರಲಿಲ್ಲ. ಆದರೆ ಬೋಗುಣಿಯ ಸುತ್ತ ಕೂತ ಆರು ಜನ ಕೈಯಲ್ಲಿದ್ದ ಚಿಪ್ಪು ಕೆಳಗಿಟ್ಟರು. ಹಿರಿಯರ ತಲೆಯ ಮೇಲಿನಿಂದ ಕೈ ಚಾಚುವುದೇ ತಪ್ಪು. ನಾನು ಇಪ್ಪತ್ತು ಟನ್ನು ಚಾಚಿದ್ದೆ.

ಮಾಸ್ತರು ಮೇಲೆ ಹತ್ತಿ ಬಂದು, ಕೆಂಪು ಹಿಡಿ ಎತ್ತಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ‘ನಿನ್ನ ಮರ್ಯಾದೆ ಒಂದು ದಿನ ಯಾರದಾದ್ರೂ ಪ್ರಾಣ ತೆಗೀತದೆ, ಹುಡುಗಾ. ಶನಿವಾರ ಒಂದು ಗಂಟೆ ಕೆಲಸ ಮಾಡಿ ತೋರ್ಸು. ಒಂದ್ಸಲ ಬಗ್ಗಿದ್ರೂ ಆ ಲೈಸೆನ್ಸ್ ನಾನೇ ವಾಪಸ್ ಕೊಟ್ಟು ಬರ್ತೀನಿ.’ ಸಂಜೆ ಅಪ್ಪ ಕ್ಷಮೆ ಬೇಡುವಾಗ ಒಪ್ಪಿಸುವ ತಿಮಿಂಗಿಲದ ಹಲ್ಲು ತೆಗೆದುಕೊಂಡು ನನ್ನನ್ನು ಚಿಕ್ಕಜ್ಜನ ಮನೆಗೆ ಕರೆದೊಯ್ದರು. ನಾನು ಬಾಗಿಲ ಬಳಿ ತಲೆ ತಗ್ಗಿಸಿ ಕೂತೆ. ಆ ಕೆಲಸದಲ್ಲಿ ನನ್ನ ಅನುಭವ ಎರಡು ವರ್ಷಕ್ಕಿಂತ ಜಾಸ್ತಿ. ಅಪ್ಪ ತಪ್ಪೊಪ್ಪಿಗೆಯ ಮಾತುಗಳನ್ನು ಹೇಳಿದರು. ಚಿಕ್ಕಜ್ಜ ಹಲ್ಲನ್ನು ಮುಟ್ಟಿ ಸ್ವೀಕರಿಸಿದರು. ಆಮೇಲೆ ‘ಟೋಪಿ ಎಲ್ಲಿ?’ ಅಂದರು. ನಾನು ಸುಲುವಿನೊಳಗಿಂದ ಅದರ ಅವಶೇಷ ತೆಗೆದಿಟ್ಟೆ. ‘ಇದನ್ನ ಹೆಣೆದವಳಿಗೆ ಯಾರು ಹೇಳ್ತೀರಿ? ನಾನಂತೂ ಹೇಳಲ್ಲಪ್ಪ. ನನಗೆ ಆ ಯಂತ್ರಕ್ಕಿಂತ ನಮ್ಮ ಅತ್ತಿಗೆ ಅಂದ್ರೇನೇ ಹೆದರಿಕೆ’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ನೋಡಿದರೆ ಅಳುತ್ತಿದ್ದೆ.

ನಂತರ ಹಿರಿಯರ ಸಭೆ ನಾಲ್ಕು ಸುತ್ತು ಯಂಗೋನ ಕುಡಿದು, ಅತ್ಯಂತ ಗಾಂಭೀರ್ಯದಿಂದ ವಿಚಾರಣೆ ನಡೆಸಿತು. ಹುಡುಗ ಬಗ್ಗುವುದು ತಪ್ಪಲ್ಲ, ಬಗ್ಗದಿದ್ದರೆ ಅವನು ಬೂಬೂನ ಮೊಮ್ಮಗನೇ ಅಲ್ಲ. ಯಂತ್ರ ಎತ್ತರವಾಗಿರುವುದೂ ಅದರ ತಪ್ಪಲ್ಲ. ಯಂತ್ರವನ್ನು ಕುಳ್ಳಗೆ ಮಾಡಲು ಬರುವುದಿಲ್ಲ. ಆದ್ದರಿಂದ ಹಿರಿಯರೇ ಎತ್ತರವಾಗತಕ್ಕದ್ದು. ಇದು ತೀರ್ಪು. ಶುಕ್ರವಾರ ಕಿನಿ ಮತ್ತು ನಾಲ್ಕು ಜನ ಸೇರಿ, ನಾನು ಕಡಿಯುವ ಜಾಗದಿಂದ ದೂರಕ್ಕೆ, ಗುಡ್ಡದ ನೆತ್ತಿಯ ಮೇಲೆ, ತೆಂಗಿನ ದಿಮ್ಮಿಯ ಬೆಂಚು ಹಾಕಿದರು. ಶನಿವಾರ ಬೆಳಿಗ್ಗೆ ಏಳೂ ಜನ ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಹಿಂದಿನಿಂದ ತಳ್ಳುತ್ತ ಹತ್ತಿದರು, ಬೋಗುಣಿಯೂ ಹತ್ತಿತು. ಚಿಕ್ಕಜ್ಜ ಟೋಪಿಯಿಲ್ಲದ ತಲೆಗೆ ಬಾಳೆಎಲೆ ಇಟ್ಟುಕೊಂಡು ಮೇಲಿನಿಂದ ಕೂಗಿದರು: ‘ಏ ಇನೋಕೆ! ಈಗ ನೀನು ನಮ್ಮ ಕಾಲ ಕೆಳಗಿದ್ದೀಯ! ಅಗಿಯೋ!’ ಒಂದು ಗಂಟೆ ಅಗೆದೆ. ತಲೆ ಎತ್ತಿದರೆ ಅವರ ಪಾದಗಳು ಕಾಣುತ್ತಿದ್ದವು. ಬೆನ್ನು ಒಮ್ಮೆಯೂ ಬಗ್ಗಲಿಲ್ಲ. ಮಾಸ್ತರು ಕೀಲಿಯನ್ನು ನನ್ನ ಅಂಗೈಗೆ ಒತ್ತಿ, ‘ಮೂವತ್ತು ವರ್ಷದಲ್ಲಿ ಇಂಥ ಸೇಫ್ಟಿ ವ್ಯವಸ್ಥೆ ನೋಡಿಲ್ಲ ಮಾರಾಯಾ’ ಅಂದು, ಒಂದು ಹಿಡಿ ಬಟಾಣಿಯನ್ನೂ ಕೊಟ್ಟರು.

ಹೀಗೆ ಕೆಲಸ ಉಳಿಯಿತು, ಚಿಕ್ಕಜ್ಜನ ತಲೆಯೂ ಉಳಿಯಿತು. ಹೋದದ್ದು ನಿನ್ನ ಟೋಪಿಯೊಂದೇ. ಇನ್ನೊಂದನ್ನು ಹೆಣೆದು ಪಾದ್ರಿಗಳ ಮಗಳು ಮರಳುವಾಗ ಕಳಿಸು, ಸ್ವಲ್ಪ ತಗ್ಗಾಗಿ ಹೆಣೆ. ಅಪ್ಪ, ಅಮ್ಮ, ಚಿಕ್ಕಜ್ಜ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಕಿನಿಯೂ ಕೇಳಿದ್ದಾನೆ, ಅವನಿಗೆ ಕಳಿಸುತ್ತೇನೆಂದ ಬೂಟು ಏನಾಯಿತು ಅಂತ. ಅತ್ತೆಗೆ ನಮಸ್ಕಾರ, ಮಗುವಿನ ಮೂಗಿಗೆ ನನ್ನ ಪರವಾಗಿ ಒಂದು ಚಿವುಟು. ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಹೆಸರು ಬಂದಾಗ ಎರಡು ಸಲ ಹೇಳು, ಈ ವಾರ ಒಂದು ಸಲ ಸಾಲುವುದಿಲ್ಲ.

ನಿನ್ನ ಮೊಮ್ಮಗ,
ಭೂಮಿಯನ್ನು ಕದಲಿಸುವವನ ಸಹಾಯಕ, ಸದ್ಯಕ್ಕೆ ತಾನೇ ಕದಲಿರುವ
ಇನೋಕೆ

ಮರೆತ ಮಾತು: ಮರೆತಿರಲಿಲ್ಲ ಅಜ್ಜಿ. ಚರ್ಚಿನ ಗಂಟೆ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಹತ್ತೊಂಬತ್ತರ ಸೋಮವಾರ ದಡದಲ್ಲಿರುವ ಕೆಲಸ ಸಮಾಧಿಗಳದ್ದು. ಏಪ್ರಿಲ್ಲಿನ ದೊಡ್ಡ ಅಲೆಗೆ ಸ್ಮಶಾನದ ಗೋಡೆ ಹೋಯಿತು. ಅಜ್ಜನ ಸಮಾಧಿಯ ಒಂದು ಮೂಲೆ ಈಗ ನೀರಿನ ಮೇಲೆ ಚಾಚಿಕೊಂಡಿದೆ. ಪಕ್ಕದಲ್ಲಿ ನಿನಗೆಂದು ಬಿಟ್ಟಿದ್ದ ಜಾಗ ಆಗಲೇ ಸಮುದ್ರದ ಪಾಲಾಯಿತು. ಎಲ್ಲರನ್ನೂ ಗುಡ್ಡಕ್ಕೆ ಒಯ್ಯುತ್ತೇವೆ, ಮೊದಲು ಅಜ್ಜನನ್ನು. ಇದನ್ನು ನಿನಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅಪ್ಪ ಎರಡು ಸಲ ಫೋನು ಹಚ್ಚಿ, ಅಲ್ಲಿ ಚಳಿ ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟರು. ಕಾಂಕ್ರೀಟು ಎತ್ತಿ, ಸೊಂಟದಾಳದವರೆಗೆ ಮಣ್ಣು ತೆಗೆಯುವವನು ನಾನು. ಆಮೇಲೆ ಅಪ್ಪ, ಚಿಕ್ಕಜ್ಜ ಕೈಯಿಂದಲೇ ತೆಗೆಯುತ್ತಾರೆ, ಸುತ್ತಿ ಒಯ್ಯಲು ಚಾಪೆಗಳು ಸಿದ್ಧವಾಗಿವೆ. ಹೊರಗಿನವರ ಕೈ ಬೇಡ, ಇನೋಕೆಯೇ ಆಗಲಿ ಅಂದರು. ಆದರೆ ಅಜ್ಜಿ, ನಾನು ಅಜ್ಜನ ತಲೆಯ ಮೇಲೆ ಕೂತು ಅಗೆಯಬೇಕು. ಅವರನ್ನು ಯಾವ ಬೆಂಚಿನ ಮೇಲೆ ಕೂರಿಸಲಿ? ಎತ್ತರಕ್ಕೆ ಏರಿ ಅಂತ ಅವರಿಗೆ ಹೇಗೆ ಹೇಳಲಿ? ಬೆನ್ನು ಬಗ್ಗಿಬಿಟ್ಟರೆ, ಕೈ ಜಾರಿದರೆ, ಬಕೆಟ್ಟು ಒಂದು ಗೇಣು ಆಳಕ್ಕೆ ಹೋದರೆ? ಮುಂದೆ ಬರೆಯಲಾರೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಿನಿ ಫೋನನ್ನು ಅಜ್ಜನ ಸಮಾಧಿಯ ಮೇಲಿಡುತ್ತಾನೆ. ನೀನು ಅಲ್ಲಿಂದ ಮಾತಾಡು. ಎಂದಿನಂತೆ ಕಿರುಚು, ಈ ಒಂದು ಸಲ ಎಷ್ಟು ಕಿರುಚಿದರೂ ಸರಿ. ನಾನು ಚಿಕ್ಕವನಿದ್ದಾಗ ದೀವಿಹಲಸು ಕೀಳಲು ಅವರು ನನ್ನನ್ನು ಹೆಗಲ ಮೇಲೆ ಹೊರುತ್ತಿದ್ದರಲ್ಲ. ನೀನು ಪೊರಕೆ ಹಿಡಿದು ಓಡಿ ಬಂದು ‘ಇಳಿಸಿ, ಹುಡುಗ ನಿಮ್ಮ ತಲೆಗಿಂತ ಮೇಲಿದ್ದಾನೆ!’ ಅಂತ ಬೈದರೆ, ‘ನಾನೇ ಕೂರಿಸ್ಕೊಂಡಿರೋದು ಕಣೇ, ಇರ್ಲಿ ಬಿಡು’ ಅನ್ನುತ್ತಿದ್ದರಲ್ಲ. ಆ ಅಪ್ಪಣೆ ಇನ್ನೂ ಇದೆಯೇ ಅಂತ ಅವರನ್ನು ಕೇಳು. ಎಂಜಿನ್ ಆಫ್ ಮಾಡಿ, ಕೆಂಪು ಹಿಡಿ ಎತ್ತಿಟ್ಟು, ನೀನು ಹೇಳುವವರೆಗೆ ನಾನು ಕಾಯುತ್ತೇನೆ.

ಗುಡ್ಡದ ಮೇಲೆ ಅವರ ಪಕ್ಕದಲ್ಲಿ ನಿನ್ನ ಜಾಗವನ್ನು ನಾನೇ ಮಟ್ಟ ಮಾಡಿದ್ದೇನೆ. ಸದ್ಯ ಅಲ್ಲಿ ನಿನ್ನ ಕಪ್ಪು ಕೋಳಿ ಕೆದಕುತ್ತಿದೆ. ಅದಕ್ಕೇನೂ ಆತುರವಿಲ್ಲ, ನಿನಗೂ ಬೇಡ.